ಮಂಕಾದ ತಂಡಕ್ಕೆ ಮತ್ತೆ ಹೊಳಪು ಬರುವುದು ಹೇಗೆ?

2006ರಲ್ಲಿ ಎಡ್ ಕ್ಯಾಟ್‌ಮಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿರುವ ಡಿಸ್ನಿ ಅನಿಮೇಷನ್ ಸ್ಟುಡಿಯೊದೊಳಗೆ ಒಂದು ಸುತ್ತು ಹಾಕಿದರು. ಆ ಸ್ಟುಡಿಯೊಗೆ ಅವರೇ ಹೊಸ ಅಧ್ಯಕ್ಷರು. ಚಿತ್ರ ಬರೆದು ಬದುಕುವವರು ಕೂರುವ ಜಾಗ ಹೇಗಿರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೋಡೆ ತುಂಬ ಗೀಚಿದ ಹಾಳೆ, ಮೇಜಿನ ಮೇಲೆ ಆಟಿಕೆ, ಮಕ್ಕಳ ಫೋಟೊ, ಎಲ್ಲಿಂದಲೋ ಹೆಕ್ಕಿ ತಂದ ಕಲ್ಲುಗುಂಡು. ಇಲ್ಲಿ ಮಾತ್ರ ಮೇಜುಗಳೆಲ್ಲ ಬೋಳು ಬೋಳು. ಇದು ಇಂಥವರ ಜಾಗ ಎಂದು ಹೇಳುವ ಒಂದು ವಸ್ತುವೂ ಕಾಣಲಿಲ್ಲ. ಯಾಕೆಂದು ವಿಚಾರಿಸಿದಾಗ ಸಂಗತಿ ಹೊರಬಿತ್ತು. ಹೊಸ ಯಜಮಾನರು ಬರುತ್ತಾರೆ, ನೋಡಿದ ಕೂಡಲೇ ಒಳ್ಳೆಯ ಅಭಿಪ್ರಾಯ ಮೂಡಬೇಕು, ಮೇಜು ಚೊಕ್ಕ ಮಾಡಿ ಎಂದು ಎಲ್ಲರಿಗೂ ಸೂಚನೆ ಹೋಗಿತ್ತಂತೆ.

ತನ್ನದು ಎನ್ನುವುದನ್ನೆಲ್ಲ ಡ್ರಾಯರಿನೊಳಗೆ ತಳ್ಳಿ, ದೊಡ್ಡವರು ಬಂದುಹೋಗುವವರೆಗೆ ಕೈಕಟ್ಟಿ ಕೂರುವ ಈ ಅಭ್ಯಾಸ ನಮ್ಮ ಕಚೇರಿಗಳಿಗೂ ಹೊಸದಲ್ಲ. ಆದರೆ ಹಾಗೆ ಕೂತವರು ಯಾರು ನೋಡಿ. 1937ರ ‘ಸ್ನೋ ವೈಟ್’ನಿಂದ 1994ರ ‘ಲಯನ್ ಕಿಂಗ್’ವರೆಗೆ ಜಗತ್ತಿನ ಮಕ್ಕಳನ್ನು ಹಿಡಿದು ಕೂರಿಸಿದ ಮನೆಯವರು ಅವರು. ಆ ಒಳ್ಳೆಯ ಕಾಲದ ಕೆಲವು ಕಲಾವಿದರು ಆಗಲೂ ಅಲ್ಲೇ ಇದ್ದರು. ‘ಲಯನ್ ಕಿಂಗ್’ ಆದ ಮೇಲಿನ ಹತ್ತು ಹನ್ನೆರಡು ವರ್ಷದಲ್ಲಿ ಸ್ಟುಡಿಯೊ ಮೆಲ್ಲಮೆಲ್ಲನೆ ಬತ್ತಿತು. 2002ರ ‘ಟ್ರೆಷರ್ ಪ್ಲಾನೆಟ್’ ದೊಡ್ಡ ನಷ್ಟ ಮಾಡಿತು. 2006ರಲ್ಲಿ ಡಿಸ್ನಿ ಕಂಪನಿ 740 ಕೋಟಿ ಡಾಲರಿಗೆ ಪಿಕ್ಸಾರ್ ಸ್ಟುಡಿಯೊವನ್ನು ಕೊಂಡು, ಅದನ್ನು ಕಟ್ಟಿದ ಕ್ಯಾಟ್‌ಮಲ್ ಮತ್ತು ನಿರ್ದೇಶಕ ಜಾನ್ ಲ್ಯಾಸೆಟರ್ ಕೈಗೆ ತನ್ನ ಹಳೆಯ ಸ್ಟುಡಿಯೊವನ್ನೂ ಒಪ್ಪಿಸಿತು. ಹಳೆಯದನ್ನು ಮುಚ್ಚಿ ಪಿಕ್ಸಾರ್ ಒಂದನ್ನೇ ಉಳಿಸಿಕೊಂಡರೆ ಸಾಕು ಎಂಬ ಮಾತೂ ಇತ್ತು. ಮುಚ್ಚಲಿಲ್ಲ. ಏಳು ವರ್ಷದ ನಂತರ, ಬಹುಮಟ್ಟಿಗೆ ಅದೇ ಜನ ಸೇರಿ ‘ಫ್ರೋಜನ್’ ಮಾಡಿದರು. ಅದು ನೂರು ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅನಿಮೇಷನ್ ಚಿತ್ರಗಳಿಗೆಂದೇ ಇರುವ ಆಸ್ಕರ್ ಆ ಸ್ಟುಡಿಯೊಗೆ ಮೊದಲ ಸಲ ಬಂತು.

ಜನ ಬದಲಾಗದೆ ಫಲ ಬದಲಾಯಿತು ಎಂದಾದರೆ ನಡುವೆ ಬದಲಾದದ್ದೇನು? ನನ್ನ ಉತ್ತರ ಇದು: ಐಡಿಯಾ ಒಂದು ತಲೆಯಿಂದ ಹೊರಟು ಕೆಲಸವಾಗುವವರೆಗೆ ನಡೆಯುವ ದಾರಿ ಬದಲಾಯಿತು. ಮಂಕಾದ ತಂಡದಲ್ಲಿ ಹೊಳಹು ಹುಟ್ಟುವುದು ನಿಂತಿರುವುದಿಲ್ಲ. ಹುಟ್ಟಿದ್ದು ದಾರಿಯಲ್ಲೇ ಸಾಯುತ್ತಿರುತ್ತದೆ. ಎಲ್ಲಿ ಸಾಯುತ್ತದೆ ಎಂದು ಕಂಡುಹಿಡಿಯದೆ ತಂಡವನ್ನು ರೆಸಾರ್ಟಿಗೆ ಕರೆದೊಯ್ದು, ಬಣ್ಣದ ಚೀಟಿ ಹಂಚಿ, ‘ಔಟ್ ಆಫ್ ದಿ ಬಾಕ್ಸ್ ಯೋಚನೆ ಮಾಡಿ’ ಎಂದು ಹುರಿದುಂಬಿಸಿದರೆ ಎರಡು ದಿನ ಖುಷಿಯಾಗಿರುತ್ತದೆ. ಸೋಮವಾರ ಮತ್ತೆ ಅದೇ ಮೌನ.

ಮೊದಲು ದಾರಿ ನೋಡಿ

ಡಿಸ್ನಿಯಲ್ಲಿ ಆ ದಾರಿ ಹೀಗಿತ್ತು. ನಿರ್ದೇಶಕ ಅರ್ಧ ಮಾಡಿದ ಚಿತ್ರ ತೋರಿಸಿದರೆ ಮೂರು ಕಡೆಯಿಂದ ತಿದ್ದುಪಡಿಗಳ ಪಟ್ಟಿ ಬರುತ್ತಿತ್ತು: ಕಥಾವಿಭಾಗದ ಅಧಿಕಾರಿಗಳಿಂದ ಒಂದು, ಸ್ಟುಡಿಯೊ ಮುಖ್ಯಸ್ಥರಿಂದ ಒಂದು, ಕಂಪನಿಯ ಮುಖ್ಯಸ್ಥರಿಂದ ಇನ್ನೊಂದು. ಮೂರೂ ಒಂದಕ್ಕೊಂದು ತಾಳೆಯಾಗದೆ ಇರುತ್ತಿದ್ದುದೂ ಉಂಟು. ಪಟ್ಟಿಯ ಪ್ರತಿ ಸಾಲಿನ ಪಕ್ಕ ಒಂದು ಪುಟ್ಟ ಚೌಕ. ಹೇಳಿದ್ದನ್ನು ಮಾಡಿ ಮುಗಿಸಿ ಅಲ್ಲಿ ಟಿಕ್ ಹಾಕಬೇಕು. ಇವು ಸಲಹೆಗಳಲ್ಲ, ಆಜ್ಞೆಗಳು. ಹಾಗೆ ಆಜ್ಞೆ ಕೊಡುತ್ತಿದ್ದವರಲ್ಲಿ ಒಬ್ಬರೂ ಸ್ವತಃ ಸಿನಿಮಾ ಮಾಡಿದವರಲ್ಲ. ನಿರ್ದೇಶಕನ ಸ್ಥಾನದಲ್ಲಿ ನಿಮ್ಮನ್ನು ಇಟ್ಟು ನೋಡಿ. ನಿಮಗೆ ಒಂದು ಹುಚ್ಚು ಯೋಚನೆ ಬಂದಿದೆ, ಅದು ಚಿತ್ರವನ್ನು ಎತ್ತಬಹುದು, ಕೆಡಿಸಲೂಬಹುದು. ಮೂರು ಪಟ್ಟಿಯ ಚೌಕ ತುಂಬಿಸುವುದರಲ್ಲೇ ವರ್ಷ ಕಳೆಯುವಾಗ ಆ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತೀರಾ? ನಾನಂತೂ ಹೇಳುತ್ತಿರಲಿಲ್ಲ.

ಕ್ಯಾಟ್‌ಮಲ್ ಆ ಪಟ್ಟಿಗಳನ್ನು ರದ್ದು ಮಾಡಿದರು. ಮುಂದಿನದೆಲ್ಲ ಇದರ ಮೇಲೆ ನಿಂತದ್ದು.

ನಿಮ್ಮ ತಂಡದ ದಾರಿ ನೋಡುವುದಕ್ಕೆ ದೊಡ್ಡ ಸಮೀಕ್ಷೆ ಬೇಕಿಲ್ಲ. ಕಳೆದ ಒಂದು ವರ್ಷದಲ್ಲಿ ತಂಡದವರು ಹೇಳಿದ, ಆದರೆ ಆಗದೆ ಉಳಿದ ಮೂರೋ ನಾಲ್ಕೋ ಐಡಿಯಾಗಳನ್ನು ನೆನಪು ಮಾಡಿಕೊಳ್ಳಿ. ಒಂದೊಂದನ್ನೂ ಹಿಡಿದು ಕೇಳುತ್ತಾ ಹೋಗಿ: ಇದನ್ನು ಮೊದಲು ಯಾರು ಯಾರಿಗೆ ಹೇಳಿದರು? ಆಮೇಲೆ ಯಾರ ಮೇಜಿಗೆ ಹೋಯಿತು? ಅಲ್ಲಿ ಎಷ್ಟು ದಿನ ಇತ್ತು? ಬೇಡ ಅಂದವರು ಯಾರು, ಅಥವಾ ಯಾರೂ ಬೇಡ ಅನ್ನದೆಯೇ ಅದು ಕಾಣೆಯಾಯಿತೇ? ಎಲ್ಲವನ್ನೂ ಹೀಗೆ ಬಿಡಿಸಿದರೆ ಸಾಮಾನ್ಯವಾಗಿ ಒಂದೇ ಜಾಗ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ನೆನಪಿಗೆ ಒಂದು ಐಡಿಯಾವೂ ಬರಲಿಲ್ಲ ಎಂದರೆ ಅದು ಬಾಯಿಗೆ ಬರುವ ಮೊದಲೇ ಸಾಯುತ್ತಿದೆ ಎಂದು ಅರ್ಥ, ಅದೇ ಹೆಚ್ಚು ಕಷ್ಟದ ಕಾಯಿಲೆ.

ನಾನು ಇದನ್ನು ಕಲಿತದ್ದು ಒಂದು ಪತ್ರಿಕೆಯ ದೀಪಾವಳಿ ವಿಶೇಷಾಂಕದ ಕೆಲಸದಲ್ಲಿ. ವಿಶೇಷಾಂಕ ತರುವವರಿಗೆಲ್ಲ ಗೊತ್ತು, ಹಬ್ಬಕ್ಕೆ ಐದಾರು ತಿಂಗಳು ಮೊದಲೇ ಮೀಟಿಂಗ್ ಶುರುವಾಗುತ್ತದೆ. ನಾವು ಏಳು ಜನ. ವರ್ಷ ವರ್ಷವೂ ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂಬಂತೆ ಅವೇ ವಿಷಯಗಳು: ಒಂದು ಊರಿನ ಹಬ್ಬದ ನೆನಪು, ಒಬ್ಬ ಹಿರಿಯ ಕಲಾವಿದರ ಸಂದರ್ಶನ, ಒಂದು ಪ್ರವಾಸ, ಕಥಾಸ್ಪರ್ಧೆ. ಮೀಟಿಂಗಿನಲ್ಲಿ ನಾನು ಮೊದಲು ಮಾತಾಡುತ್ತಿದ್ದೆ, ಉಳಿದವರು ಹೂಂಗುಟ್ಟುತ್ತಿದ್ದರು. ತಂಡದಲ್ಲಿ ಹೊಸತು ಹೇಳುವವರೇ ಇಲ್ಲವಲ್ಲ ಎಂದು ನಾನು ಕೊರಗುತ್ತಿದ್ದೆ. ಹಿಂದಿನ ವರ್ಷಗಳ ಐಡಿಯಾಗಳ ಜಾಡು ಹಿಡಿದು ಹೋದಾಗ ಅವು ಸತ್ತ ಜಾಗ ಗೊತ್ತಾಯಿತು. ಅದು ನನ್ನದೇ ಕುರ್ಚಿ. ‘ನೋಡೋಣ’ ಎಂದು ನಾನು ಹೇಳಿದ್ದೆಲ್ಲವೂ ಅಲ್ಲೇ ಮುಗಿದಿತ್ತು.

ಅಧಿಕಾರವಿಲ್ಲದ ಅಭಿಪ್ರಾಯ

ಪಟ್ಟಿ ತೆಗೆದುಹಾಕಿದ ಮೇಲೆ ಆ ಜಾಗದಲ್ಲಿ ಏನಿಡುವುದು? ಯಾರೂ ಏನೂ ಹೇಳದೆ ಬಿಟ್ಟರೆ ನಿರ್ದೇಶಕ ತನ್ನ ತಪ್ಪಿನಲ್ಲೇ ಮುಳುಗುತ್ತಾನೆ. ಪಿಕ್ಸಾರ್‌ನಲ್ಲಿ ಇದಕ್ಕೊಂದು ಏರ್ಪಾಡು ತಾನಾಗಿ ಬೆಳೆದಿತ್ತು. 1995ರ ‘ಟಾಯ್ ಸ್ಟೋರಿ’ ಮಾಡುವಾಗ ಲ್ಯಾಸೆಟರ್, ಆ್ಯಂಡ್ರೂ ಸ್ಟ್ಯಾಂಟನ್, ಪೀಟ್ ಡಾಕ್ಟರ್, ಲೀ ಅಂಕ್ರಿಚ್, ಜೋ ರ‍್ಯಾನ್ಫ್ಟ್ ಒಟ್ಟಿಗೆ ಕೂತು ಮುಚ್ಚುಮರೆಯಿಲ್ಲದೆ ಒಬ್ಬರ ಕೆಲಸವನ್ನು ಒಬ್ಬರು ಬಿಚ್ಚಿ ನೋಡುತ್ತಿದ್ದರು. ಆ ಗುಂಪಿಗೆ ಮುಂದೆ ಬ್ರೇನ್‌ಟ್ರಸ್ಟ್ ಎಂಬ ಹೆಸರು ಬಂತು. ತಯಾರಾಗುತ್ತಿರುವ ಪ್ರತಿ ಚಿತ್ರವನ್ನೂ ಕೆಲವು ತಿಂಗಳಿಗೊಮ್ಮೆ ಈ ಬಳಗದ ಮುಂದೆ ತೋರಿಸಬೇಕು. ಎಲ್ಲಿ ಬೇಸರ ಬಂತು, ಎಲ್ಲಿ ನಂಬಿಕೆ ಬರಲಿಲ್ಲ, ಯಾವ ಪಾತ್ರ ಯಾಕೆ ಹಾಗೆ ಮಾಡುತ್ತದೆ ಎಂದು ತಿಳಿಯಲಿಲ್ಲ, ಇವನ್ನೆಲ್ಲ ಅವರು ನೇರವಾಗಿ ಹೇಳುತ್ತಾರೆ.

ಇದರ ಗುಟ್ಟು ಎರಡು. ಅಲ್ಲಿ ಮಾತಾಡುವವರು ತಾವೂ ಸಿನಿಮಾ ಮಾಡಿ ಏಟು ತಿಂದವರು. ಎರಡನೆಯದು ಇನ್ನೂ ಮುಖ್ಯ: ಆ ಗುಂಪಿಗೆ ಅಧಿಕಾರವಿಲ್ಲ. ಹೇಳಿದ್ದನ್ನು ನಿರ್ದೇಶಕ ಕೇಳಲೇಬೇಕೆಂಬ ನಿಯಮವಿಲ್ಲ. ಎಲ್ಲಿ ಕೆಟ್ಟಿದೆ ಎಂದು ತೋರಿಸುವುದು ಅವರ ಕೆಲಸ, ಹೇಗೆ ಸರಿಮಾಡುವುದು ಎಂಬುದು ನಿರ್ದೇಶಕನಿಗೆ ಬಿಟ್ಟದ್ದು. ಮಾತಿಗೆ ಆಜ್ಞೆಯ ಭಾರ ಇಲ್ಲದಿದ್ದಾಗ ಹೇಳುವವನು ಧಾರಾಳವಾಗಿ ಹೇಳುತ್ತಾನೆ, ಕೇಳುವವನು ಗುರಾಣಿ ಕೆಳಗಿಟ್ಟು ಕೇಳುತ್ತಾನೆ. ಸ್ಟೀವ್ ಜಾಬ್ಸ್ ಆಗ ಪಿಕ್ಸಾರ್‌ನ ಒಡೆಯರು. ಅವರು ಈ ಸಭೆಗೆ ಬರಬಾರದು ಎಂದು ಕ್ಯಾಟ್‌ಮಲ್ ಕೇಳಿಕೊಂಡಿದ್ದರು, ಜಾಬ್ಸ್ ಒಪ್ಪಿದ್ದರು. ಅವರು ಕೋಣೆಯಲ್ಲಿ ಇದ್ದರೆ ಸಾಕು, ಉಳಿದವರ ಮಾತಿನ ಧಾಟಿ ಬೇರೆಯಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ‘ಸಾಹೇಬರು ಹೇಳಿದ ಮೇಲೆ ಮುಗೀತು’ ಎಂಬ ಮಾತು ಎಲ್ಲ ದೇಶಗಳಲ್ಲೂ ಒಂದೇ.

ಡಿಸ್ನಿಯಲ್ಲಿ ಇದೇ ಮಾದರಿಯಲ್ಲಿ ‘ಸ್ಟೋರಿ ಟ್ರಸ್ಟ್’ ಎಂಬ ಬಳಗ ಕಟ್ಟಿದರು. ಅಲ್ಲಿಯ ನಿರ್ದೇಶಕರನ್ನೂ ಬರಹಗಾರರನ್ನೂ ಪಿಕ್ಸಾರ್‌ಗೆ ಕರೆತಂದು ಒಂದು ಬ್ರೇನ್‌ಟ್ರಸ್ಟ್ ಸಭೆಯಲ್ಲಿ ಕೂರಿಸಿ ತೋರಿಸಿದರು. ಆದರೂ ಮಾತು ಕೂಡಲೇ ಬಿಚ್ಚಿಕೊಳ್ಳಲಿಲ್ಲ. ಅಷ್ಟು ವರ್ಷ ಒಬ್ಬರಿಗೊಬ್ಬರು ಪೈಪೋಟಿಯ ಕಣ್ಣಿನಿಂದಲೇ ನೋಡಿಕೊಂಡವರು ‘ನಿನ್ನ ಕಥೆಯ ನಡುಭಾಗ ನಿಂತಿಲ್ಲ’ ಎಂದು ಎದುರಿಗೇ ಹೇಳಲು ಧೈರ್ಯ ಬೇಕು; ಹೇಳಿದ ಮಾರನೆಯ ದಿನ ತನಗೇನೂ ಆಗಲಿಲ್ಲ ಎಂದು ನೋಡಿದ ಮೇಲೆಯೇ ಆ ಧೈರ್ಯ ಬರುವುದು. ನೀವು ಇದನ್ನು ಶುರು ಮಾಡುವಾಗ ಮೊದಲ ನಾಲ್ಕೈದು ಸಭೆ ಪೇಲವವಾಗಿದ್ದರೆ ಕೈಬಿಡಬೇಡಿ.

ನಮ್ಮ ಕಚೇರಿಗಳಿಗೆ ಇದನ್ನು ಇಳಿಸುವಾಗ ಒಂದು ಎಚ್ಚರ ಬೇಕು. ಸಲಹೆ ಕೊಡುವ ಸಭೆಯನ್ನೂ ಕೆಲಸದ ಪ್ರಗತಿ ಅಳೆಯುವ ಸಭೆಯನ್ನೂ ಒಂದೇ ದಿನ, ಒಂದೇ ಮೇಜಿನ ಸುತ್ತ ಮಾಡಬಾರದು. ‘ಎಷ್ಟು ಆಯ್ತು, ಯಾವಾಗ ಮುಗಿಯುತ್ತೆ’ ಎಂದು ಕೇಳಿದ ಬಾಯಲ್ಲೇ ‘ಮನಸ್ಸು ಬಿಚ್ಚಿ ಮಾತಾಡಿ’ ಎಂದರೆ ಯಾರೂ ಬಿಚ್ಚುವುದಿಲ್ಲ.

ಅರ್ಧ ಬೆಂದದ್ದನ್ನು ತೋರಿಸುವುದು

ಕ್ಯಾಟ್‌ಮಲ್ ತಮ್ಮ ಚಿತ್ರಗಳ ಬಗ್ಗೆ ಒಂದು ಮಾತನ್ನು ಮುಚ್ಚಿಡದೆ ಹೇಳುತ್ತಾ ಬಂದಿದ್ದಾರೆ: ಆರಂಭದಲ್ಲಿ ಅವೆಲ್ಲವೂ ಕೆಟ್ಟದಾಗಿಯೇ ಇರುತ್ತವೆ. ಇದನ್ನು ವಿನಯದ ಮಾತು ಎಂದುಕೊಳ್ಳಬಾರದು. ಪಿಕ್ಸಾರ್‌ನ ಕೆಲಸದ ಪದ್ಧತಿಯೇ ಇದರ ಮೇಲೆ ನಿಂತಿದೆ. ಬೆಳಗಿನ ಹೊತ್ತು ಅನಿಮೇಟರುಗಳು ತಾವು ಹಿಂದಿನ ದಿನ ಮಾಡಿದ ಅರೆಬರೆ ತುಣುಕುಗಳನ್ನು ಎಲ್ಲರ ಮುಂದೆ ತೋರಿಸುತ್ತಾರೆ. ಮೊದಮೊದಲು ನಾಚಿಕೆಯಾಗುತ್ತದೆ. ಪಕ್ಕದವನದೂ ಅರೆಬರೆಯೇ ಎಂದು ದಿನಾ ಕಣ್ಣಾರೆ ಕಂಡ ಮೇಲೆ ನಾಚಿಕೆ ಕರಗುತ್ತದೆ.

ಮಂಕಾದ ತಂಡದಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಪಾಲಿಷ್ ಹೊಡೆದದ್ದನ್ನು ಮಾತ್ರ ಮೇಲಕ್ಕೆ ಕಳಿಸುತ್ತಾರೆ. ಪಾಲಿಷ್ ಹೊಡೆಯುವುದಕ್ಕೆ ಹತ್ತು ದಿನ ಸುರಿದವನಿಗೆ ಯಾರಾದರೂ ತಪ್ಪು ತೋರಿಸಿದರೆ ನೋವಾಗುವುದು ಸಹಜ, ಬದಲಿಸುವ ಮನಸ್ಸೂ ಇರುವುದಿಲ್ಲ. ಎರಡನೇ ದಿನವೇ ಕೈಬರಹದ ಒಂದು ಹಾಳೆ ತೋರಿಸಿದ್ದರೆ ಆ ತಪ್ಪು ಎರಡು ನಿಮಿಷದ ಮಾತಾಗಿರುತ್ತಿತ್ತು. ಹಾಗಾಗಿ ನಿಯಮ ಮಾಡುವುದೇ ಆದರೆ ಹೀಗೆ ಮಾಡಿ: ಮೊದಲ ಸಲ ತೋರಿಸುವುದು ಕೈಬರಹದಲ್ಲೇ ಇರಲಿ, ಸ್ಲೈಡು ಬೇಡ. ತಂಡದ ಹಿರಿಯರು ತಮ್ಮ ಅರ್ಧ ಬೆಂದದ್ದನ್ನು ಮೊದಲು ತೋರಿಸಲಿ. ಹಿರಿಯರು ತೋರಿಸದೆ ಕಿರಿಯರು ತೋರಿಸುವುದಿಲ್ಲ, ಇದರಲ್ಲಿ ನನಗೆ ಅನುಮಾನವಿಲ್ಲ.

ತಪ್ಪಿನ ಭಯ ಎಷ್ಟು ದುಬಾರಿ ಎಂಬುದಕ್ಕೆ 2008ರಲ್ಲಿ ಬಂದ ಡಿಸ್ನಿಯ ‘ಬೋಲ್ಟ್’ ಚಿತ್ರದ ಕಥೆ ಇದೆ. ಅದನ್ನು ಮಾಮೂಲಿ ನಾಲ್ಕು ವರ್ಷದ ಬದಲು ಹದಿನೆಂಟು ತಿಂಗಳಲ್ಲಿ ಮುಗಿಸಬೇಕಿತ್ತು. ಅದರಲ್ಲಿ ರೈನೋ ಎಂಬ ಹ್ಯಾಮ್‌ಸ್ಟರ್ ಇದೆ, ಇಲಿಯ ಜಾತಿಯ ಪುಟ್ಟ ಸಾಕುಪ್ರಾಣಿ. ಅದರ ಕಂಪ್ಯೂಟರ್ ಮಾದರಿ ಸರಿಯಾಗಿರಲಿಲ್ಲ, ಅದನ್ನು ಆಡಿಸುವುದಕ್ಕೆ ವಿಪರೀತ ಹೊತ್ತು ಹಿಡಿಯುತ್ತಿತ್ತು. ಸರಿಮಾಡಲು ಆರು ತಿಂಗಳು ಬೇಕು ಎಂದು ಸಂಬಂಧಪಟ್ಟವರು ಹೇಳಿದರು. ಆಮೇಲೆ ಒಂದೆರಡು ಜನ ತಾವಾಗಿ ಮುಂದೆ ಬಂದು, ಅದನ್ನು ಕೈಗೆತ್ತಿಕೊಂಡು ಕೆಲವೇ ದಿನಗಳಲ್ಲಿ ಸರಿಮಾಡಿಬಿಟ್ಟರು. ಆರು ತಿಂಗಳು ಎಂದವರು ಸೋಮಾರಿಗಳಲ್ಲ, ಸುಳ್ಳು ಹೇಳಿದವರೂ ಅಲ್ಲ. ಯಾವ ಹಂತದಲ್ಲೂ ಒಂದು ತಪ್ಪೂ ಆಗಬಾರದು ಎಂಬ ಹಳೆಯ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಅಷ್ಟು ಕಾಲ ಬೇಕೇ ಬೇಕು. ತಪ್ಪಾದರೆ ತಿದ್ದಿಕೊಂಡರಾಯಿತು ಎಂದು ಹೊರಟವರಿಗೆ ಅಷ್ಟು ಬೇಕಾಗಲಿಲ್ಲ. ನಿರ್ಮಾಣದ ವೇಳಾಪಟ್ಟಿ, ಖರ್ಚು ಕಾಯಲೆಂದೇ ಇಟ್ಟಿದ್ದ ಒಂದು ಮೇಲುಸ್ತುವಾರಿ ಗುಂಪನ್ನೂ ಕ್ಯಾಟ್‌ಮಲ್ ಕೈಬಿಟ್ಟಿದ್ದರು. ಕಾವಲು ಹೋದ ಮೇಲೆ ಕೆಲಸ ನಿಧಾನವಾಗಲಿಲ್ಲ, ಜನರ ಹುರುಪು ಹೆಚ್ಚಿತು.

ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಎರಡು ಸ್ಟುಡಿಯೊಗಳಲ್ಲಿ ಒಂದು ಸಂಕಟಕ್ಕೆ ಸಿಕ್ಕಿದರೂ ಇನ್ನೊಂದರಿಂದ ಜನರನ್ನು ಎರವಲು ತರುವಂತಿಲ್ಲ ಎಂದು ಗೆರೆ ಎಳೆದರು. ಪಿಕ್ಸಾರ್‌ನಲ್ಲಿ ನುರಿತವರು ಬೇಕಾದಷ್ಟಿದ್ದರು. ಅವರು ಬಂದು ಡಿಸ್ನಿಯ ಚಿತ್ರ ಗೆಲ್ಲಿಸಿಕೊಟ್ಟಿದ್ದರೆ ಡಿಸ್ನಿಯವರಿಗೆ ಉಳಿಯುತ್ತಿದ್ದದ್ದು ‘ನಮ್ಮ ಕೈಲಾಗದು’ ಎಂಬ ನಂಬಿಕೆ ಒಂದೇ. ಸೋತ ತಂಡಕ್ಕೆ ಹೊರಗಿನಿಂದ ಒಬ್ಬ ಪ್ರಚಂಡನನ್ನು ತಂದು ಕೂರಿಸುವ ಮ್ಯಾನೇಜರುಗಳು ಇದನ್ನು ಯೋಚಿಸಬೇಕು.

ಮೇಜು, ಸರದಿ, ಚೀಟಿ

ಪಿಕ್ಸಾರ್‌ನ ಒಂದು ಸಭಾಕೋಣೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಉದ್ದನೆಯ ಸೊಗಸಾದ ಮೇಜು ಇತ್ತು. ಮೂವತ್ತು ಜನ ಎರಡು ಬದಿ ಎದುರುಬದುರು ಕೂರುತ್ತಿದ್ದರು. ನಿರ್ದೇಶಕ, ನಿರ್ಮಾಪಕರು, ಕ್ಯಾಟ್‌ಮಲ್, ಲ್ಯಾಸೆಟರ್ ನಡುವೆ. ಅವರ ಜಾಗ ತಪ್ಪದಿರಲಿ ಎಂದು ಹೆಸರಿನ ಚೀಟಿ ಇಡುವ ರೂಢಿಯೂ ಬಂತು. ತುದಿಯಲ್ಲಿ ಕೂತವರಿಗೆ ನಡುವಿನವರ ಕಣ್ಣು ಸಿಗುತ್ತಿರಲಿಲ್ಲ, ಮಾತಿನ ನಡುವೆ ನುಗ್ಗುವುದಕ್ಕೆ ಸಂಕೋಚ. ನಡುವೆ ಕೂತಿದ್ದ ಕ್ಯಾಟ್‌ಮಲ್ ಅವರಿಗೆ ಸಭೆ ಚೆನ್ನಾಗಿಯೇ ನಡೆಯುತ್ತಿದೆ ಎನಿಸುತ್ತಿತ್ತು. ಒಂದು ದಿನ ಆಕಸ್ಮಿಕವಾಗಿ ಬೇರೆ ಕೋಣೆಯ ಚೌಕ ಮೇಜಿನ ಸುತ್ತ ಸೇರಿದಾಗ ಮಾತು ಹೇಗೆ ಹರಿಯಿತು ಎಂದರೆ, ಇಷ್ಟು ವರ್ಷ ತಡೆದದ್ದು ಆ ಮೇಜೇ ಎಂದು ಗೊತ್ತಾಯಿತು. ಮೇಜು ಬದಲಾಯಿಸಿದರು. ತಮಾಷೆ ಎಂದರೆ ಮೇಜು ಹೋದರೂ ಹೆಸರಿನ ಚೀಟಿಗಳು ಕೆಲದಿನ ಹಾಗೇ ಬರುತ್ತಿದ್ದವು. ಆ್ಯಂಡ್ರೂ ಸ್ಟ್ಯಾಂಟನ್ ಒಂದು ದಿನ ಅವನ್ನು ಎತ್ತಿ ಕಲಸಿಬಿಟ್ಟ ಮೇಲೆ ನಿಂತವು. ನಿಮ್ಮ ಕಚೇರಿಯಲ್ಲಿ ದೊಡ್ಡವರ ಕುರ್ಚಿ ಯಾವುದು, ಅದರಲ್ಲಿ ಬೇರೆಯವರು ಎಂದಾದರೂ ಕೂತಿದ್ದಾರೆಯೇ, ಒಮ್ಮೆ ನೋಡಿ.

‘ಬ್ರೇನ್‌ಸ್ಟಾರ್ಮಿಂಗ್’ ಎಂಬ ಪದ್ಧತಿಯ ಬಗ್ಗೆಯೂ ಇಲ್ಲೇ ಹೇಳಬೇಕು. ಇದನ್ನು ರೂಢಿಗೆ ತಂದವರು ಅಮೆರಿಕದ ಜಾಹೀರಾತು ಲೋಕದ ಅಲೆಕ್ಸ್ ಆಸ್ಬರ್ನ್. 1953ರಲ್ಲಿ ಬಂದ ಅವರ ‘ಅಪ್ಲೈಡ್ ಇಮ್ಯಾಜಿನೇಷನ್’ ಪುಸ್ತಕದ ನಂತರ ಅದು ಜಗತ್ತಿಗೆಲ್ಲ ಹಬ್ಬಿತು. ಎಲ್ಲರೂ ಸೇರಿ, ಟೀಕೆ ಮಾಡದೆ, ಬಾಯಿಗೆ ಬಂದದ್ದನ್ನೆಲ್ಲ ಹೇಳುತ್ತಾ ಹೋಗುವುದು. ಆದರೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ ನೋಡಿದರು: ನಾಲ್ಕು ಜನ ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ನಾಲ್ಕು ಜನ ಬೇರೆಬೇರೆ ಕೂತು ಬರೆದದ್ದನ್ನು ಸೇರಿಸಿದರೆ ಐಡಿಯಾಗಳು ಹೆಚ್ಚು. 1987ರಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗ್ಯಾಂಗ್ ಸ್ಟ್ರೋಬೆ ಅದರ ಮುಖ್ಯ ಕಾರಣ ತೋರಿಸಿದರು. ಒಬ್ಬರು ಮಾತಾಡುವಾಗ ಉಳಿದವರು ಸರದಿ ಕಾಯಬೇಕು. ಕಾಯುತ್ತಾ ತನ್ನದನ್ನು ಮರೆಯುತ್ತಾರೆ, ಅಥವಾ ಇದು ಹೇಳುವಂಥದ್ದಲ್ಲ ಎಂದು ನುಂಗಿಕೊಳ್ಳುತ್ತಾರೆ. ಟೀಕೆ ಕೂಡದು ಎಂಬ ನಿಯಮವೂ ಅಷ್ಟು ಗಟ್ಟಿಯಲ್ಲ. 2004ರಲ್ಲಿ ಪ್ರಕಟವಾದ ಶಾರ್ಲನ್ ನೆಮೆತ್ ಮತ್ತು ಸಂಗಡಿಗರ ಅಧ್ಯಯನದಲ್ಲಿ, ವಾದಿಸಿ, ಟೀಕಿಸಿ ಎಂದು ಹೇಳಿದ ಗುಂಪುಗಳೇ ಹೆಚ್ಚು ಐಡಿಯಾ ಕೊಟ್ಟವು.

ಹಾಗಾದರೆ ಸಭೆಯೇ ಬೇಡವೇ? ಬೇಕು, ಆದರೆ ಕ್ರಮ ಬದಲಿಸಿ. ಮೊದಲು ಒಬ್ಬೊಬ್ಬರೂ ಮಾತಿಲ್ಲದೆ ಬರೆಯಲಿ, ಹತ್ತು ನಿಮಿಷ ಸಾಕು. ಆಮೇಲೆ ಬರೆದದ್ದನ್ನು ಹೆಸರಿಲ್ಲದೆ ಓದಿ. ಆಮೇಲೆ ವಾದ. ಕಿರಿಯರಿಂದ ಶುರುವಾಗಿ ಮುಖ್ಯಸ್ಥರು ಕೊನೆಯಲ್ಲಿ.

ವಿಶೇಷಾಂಕದ ಮೀಟಿಂಗಿನಲ್ಲಿ ನಾನು ಮಾಡಿದ್ದು ಇಷ್ಟೇ. ಚೀಟಿ ಹಂಚಿದೆ, ನಾನು ಬಾಯಿ ಮುಚ್ಚಿದೆ. ಏಳು ಜನರ ಜೊತೆಗೆ ಇನ್ನೂ ಇಬ್ಬರನ್ನು ಕರೆದೆ: ಪ್ರೂಫ್ ನೋಡುವವರು, ಪುಟ ವಿನ್ಯಾಸ ಮಾಡುವವರು. ವಿಶೇಷಾಂಕದ ಪ್ರತಿ ಪುಟವೂ ಈ ಇಬ್ಬರ ಕಣ್ಣು, ಕೈ ದಾಟಿಯೇ ಹೋಗುವುದು, ಆದರೂ ಅವರನ್ನು ಮೀಟಿಂಗಿಗೆ ಯಾರೂ ಕರೆದಿರಲಿಲ್ಲ. ಮೊದಲ ಸಲ ಬಂದ ಚೀಟಿಗಳು ಸಪ್ಪೆಯಾಗಿದ್ದವು. ಎರಡನೇ ಸಲವೂ ಹಾಗೇ. ಮೂರನೆಯ ಸಲ ಒಂದು ಚೀಟಿಯಲ್ಲಿ ‘ಅಮ್ಮಂದಿರ ಅಡುಗೆ ಪುಸ್ತಕ’ ಎಂದು ಇತ್ತು. ಏನದು ಎಂದು ಕೇಳಿದಾಗ ವಿನ್ಯಾಸದವರು ಹೇಳಿದರು: ತಮ್ಮ ತಾಯಿ ಹಳೆಯ ಡೈರಿಯೊಂದರಲ್ಲಿ ಅಡುಗೆ ಬರೆದಿಟ್ಟಿದ್ದಾರೆ, ಎಣ್ಣೆಯ ಕಲೆ, ಅರಿಸಿನದ ಬೆರಳಚ್ಚು ಎಲ್ಲ ಇದೆ, ಅಂಥ ಪುಟಗಳನ್ನೇ ಫೋಟೊ ತೆಗೆದು ಹಾಕಿದರೆ ಹೇಗೆ? ಆ ವರ್ಷದ ಸಂಚಿಕೆಯಲ್ಲಿ ಓದುಗರು ಹೆಚ್ಚು ಪತ್ರ ಬರೆದದ್ದು ಆ ಎಂಟು ಪುಟಗಳಿಗೆ.

ಉತ್ತರ ಮತ್ತು ಬಿಡುವು

ನಮ್ಮ ಎಷ್ಟೋ ಕಚೇರಿಗಳ ಗೋಡೆಯಲ್ಲಿ ಒಂದು ಸಲಹಾ ಪೆಟ್ಟಿಗೆ ತೂಗುತ್ತಿರುತ್ತದೆ. ಬೀಗಕ್ಕೆ ತುಕ್ಕು ಹಿಡಿದಿರುತ್ತದೆ, ಕೀಲಿ ಯಾರ ಹತ್ತಿರ ಇದೆ ಎಂದು ಗೊತ್ತಿರುವುದಿಲ್ಲ. ಜಪಾನಿನ ಟೊಯೋಟಾ ಕಂಪನಿ ಅಮೆರಿಕದ ಫೋರ್ಡ್ ಕಾರ್ಖಾನೆಯಲ್ಲಿ ಕಂಡದ್ದನ್ನು ಮಾದರಿಯಾಗಿಟ್ಟುಕೊಂಡು 1951ರಲ್ಲಿ ಕಾರ್ಮಿಕರಿಂದ ಸಲಹೆ ಪಡೆಯುವ ಪದ್ಧತಿ ಶುರು ಮಾಡಿತು. ಅದು ಇಂದಿಗೂ ನಡೆಯುತ್ತಿದೆ. ಅಂಥ ಪದ್ಧತಿ ಉಳಿಯುವುದು ಬಹುಮಾನದ ಮೊತ್ತದಿಂದಲ್ಲ. ಕೊಟ್ಟ ಸಲಹೆಯನ್ನು ತನ್ನ ಮೇಲಿನವನು ಓದುತ್ತಾನೆ, ಉತ್ತರ ಹೇಳುತ್ತಾನೆ, ಸಣ್ಣದಾದರೆ ತಾನೇ ಮಾಡಿ ನೋಡಲು ಬಿಡುತ್ತಾನೆ ಎಂಬ ಭರವಸೆಯಿಂದ. ‘ಇಲ್ಲ, ಯಾಕೆಂದರೆ...’ ಎಂಬ ಉತ್ತರ ಯಾರನ್ನೂ ಮೂಕರನ್ನಾಗಿ ಮಾಡುವುದಿಲ್ಲ. ‘ನೋಡೋಣ’ ಮಾಡುತ್ತದೆ. ನಾನು ಒಂದು ನೋಟ್‌ಬುಕ್ ಇಟ್ಟೆ. ಕೈಬಿಟ್ಟ ಪ್ರತಿ ಐಡಿಯಾವನ್ನೂ, ಬಿಟ್ಟದ್ದಕ್ಕೆ ಕಾರಣವನ್ನೂ ಒಂದೇ ವಾರದೊಳಗೆ ಅದರಲ್ಲಿ ಬರೆಯುತ್ತಿದ್ದೆ. ಅದು ಎಲ್ಲರಿಗೂ ಸಿಗುವಂತೆ ಟೀ ಮೇಜಿನ ಮೇಲೆ ಇರುತ್ತಿತ್ತು. ಕಾರಣ ಬರೆಯಲು ಕೂತಾಗ ಎರಡು ಮೂರು ಸಲ ಸರಿಯಾದ ಕಾರಣವೇ ಸಿಗದೆ ಆ ಐಡಿಯಾ ಬದುಕಿಕೊಂಡಿತು.

ಹೊತ್ತಿನ ವಿಷಯಕ್ಕೆ ಬಂದರೆ, ಒತ್ತಡ ಇದ್ದರೇ ತಲೆ ಓಡುವುದು ಎಂದು ನಂಬುವವರು ಬಹಳ. ಹಾರ್ವರ್ಡ್‌ನ ತೆರೇಸಾ ಅಮಾಬಿಲೆ ತಂಡ ಅಮೆರಿಕದ ಕಂಪನಿಗಳ ನೌಕರರಿಂದ ದಿನಚರಿ ಬರೆಸಿ, ಒಂಬತ್ತು ಸಾವಿರಕ್ಕೂ ಹೆಚ್ಚು ನಮೂದುಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ ಹೇಳುತ್ತದೆ. ಗಡಿಬಿಡಿಯ ದಿನಗಳಲ್ಲಿ ಜನರಿಗೆ ತಾವು ಬಹಳ ಸೃಜನಶೀಲರಾಗಿದ್ದೇವೆ ಎನಿಸಿತ್ತು. ನಿಜದಲ್ಲಿ ಆ ದಿನಗಳಲ್ಲೇ ಹೊಸ ಯೋಚನೆ ಕಡಿಮೆ ಇತ್ತು, ಆ ಮಂಕು ಮುಂದಿನ ಒಂದೆರಡು ದಿನಕ್ಕೂ ಉಳಿಯುತ್ತಿತ್ತು. ಪಿಕ್ಸಾರ್ ಕೂಡ ಇದರಲ್ಲಿ ಎಡವಿದೆ. 1999ರ ‘ಟಾಯ್ ಸ್ಟೋರಿ 2’ನ್ನು ಒಂಬತ್ತು ತಿಂಗಳಲ್ಲಿ ಹೊಸದಾಗಿ ಕಟ್ಟಿದ್ದನ್ನು ಸಾಹಸಗಾಥೆಯಂತೆ ಹೇಳುವುದುಂಟು. ಕೊನೆಗೆ ಅಲ್ಲಿಯ ಮೂರನೇ ಒಂದು ಭಾಗದಷ್ಟು ಜನ ಕೈ, ಮಣಿಕಟ್ಟಿನ ನೋವಿಗೆ ಸಿಕ್ಕಿದ್ದರು ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಡೆಡ್‌ಲೈನ್ ಪೂರ್ತಿ ತೆಗೆಯಲಾಗದು, ಸರಿ. ಕೆಲಸದ ನಡುವೆ ಯಾರೂ ಫೋನ್ ಮಾಡದ, ಮೀಟಿಂಗಿಗೆ ಕರೆಯದ ಎರಡು ಗಂಟೆಯ ಬೆಳಗನ್ನಾದರೂ ವಾರಕ್ಕೆ ಮೂರು ಸಲ ಕೊಡಲು ಬರುವುದಿಲ್ಲವೇ?

ಡಿಸ್ನಿಯ ಈ ಕಥೆಯ ನೆರಳನ್ನೂ ನೋಡದೆ ಹೋಗುವುದು ಸರಿಯಲ್ಲ. 2006ರಲ್ಲಿ ‘ಅಮೆರಿಕನ್ ಡಾಗ್’ ಎಂಬ ಚಿತ್ರದಿಂದ ಅದರ ನಿರ್ದೇಶಕ ಕ್ರಿಸ್ ಸ್ಯಾಂಡರ್ಸ್ ಅವರನ್ನು ತೆಗೆಯಲಾಯಿತು. ಅದೇ ಮುಂದೆ ‘ಬೋಲ್ಟ್’ ಆದದ್ದು. ಸ್ಯಾಂಡರ್ಸ್ ಬೇರೆ ಸ್ಟುಡಿಯೊಗೆ ಹೋಗಿ, 2010ರಲ್ಲಿ ಡೀನ್ ಡಿಬ್ಲಾಯ್ ಜೊತೆ ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಮಾಡಿದರು. ಹೊರಗೆ ಹೋದವರಲ್ಲೂ ಹೊಳಹು ಇತ್ತು ಎಂದಾಯಿತು. ಇನ್ನೊಂದು ಇದಕ್ಕಿಂತ ಗಂಭೀರ. ಮಹಿಳಾ ಸಹೋದ್ಯೋಗಿಗಳೊಂದಿಗೆ ಲ್ಯಾಸೆಟರ್ ನಡೆದುಕೊಂಡ ರೀತಿಯ ಬಗ್ಗೆ ದೂರುಗಳು ಹೊರಬಂದು, ತಪ್ಪಾಗಿದೆ ಎಂದು ಅವರೇ ಒಪ್ಪಿಕೊಂಡು 2017ರ ನವೆಂಬರಿನಲ್ಲಿ ರಜೆ ಮೇಲೆ ಹೋದರು, 2018ರ ಕೊನೆಗೆ ಕಂಪನಿಯನ್ನೇ ಬಿಟ್ಟರು. ಕಥೆಯ ದೋಷವನ್ನು ಅಷ್ಟು ಮುಕ್ತವಾಗಿ ಹೇಳುತ್ತಿದ್ದ ಮನೆಯಲ್ಲಿ ಯಜಮಾನನ ನಡತೆಯ ಬಗ್ಗೆ ಹೇಳುವ ದಾರಿ ಇದ್ದಂತೆ ಕಾಣುವುದಿಲ್ಲ. ಮಾತಿನ ಸ್ವಾತಂತ್ರ್ಯ ಕೆಲಸದ ವಿಷಯಕ್ಕಷ್ಟೇ ನಿಂತರೆ ಅದು ಅರ್ಧ ಸ್ವಾತಂತ್ರ್ಯ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ಮುಂಚೆಯೇ, ಲಿಖಿತ ನಿಯಮವಾಗಿ ಇಟ್ಟಿರಬೇಕು.

ತಂಡ ಗುಣವಾಗುತ್ತಿದೆ ಎಂದು ತಿಳಿಯುವುದು ಹೇಗೆ? ತಪ್ಪುಗಳು ಕಡಿಮೆಯಾಗುವುದನ್ನು ಕಾಯಬೇಡಿ. ಆಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದುದು ಕಂಡು ಬೆರಗಾದರು. ಆ ತಂಡಗಳ ದಾದಿಯರು ತಪ್ಪಾದಾಗ ಭಯವಿಲ್ಲದೆ ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ನಿಮ್ಮಲ್ಲೂ ಮೊದಲ ಕೆಲವು ತಿಂಗಳು ದೂರು, ತಪ್ಪು, ವಾದ ಎಲ್ಲವೂ ಹೆಚ್ಚಾದಂತೆ ಕಾಣುತ್ತದೆ. ಅದು ಒಳ್ಳೆಯ ಲಕ್ಷಣ.

ಕಾಲವೂ ಬೇಕು. ಡಿಸ್ನಿಯಲ್ಲಿ ‘ಬೋಲ್ಟ್’ ಸಾಧಾರಣ ಗೆಲುವು, 2009ರ ‘ಪ್ರಿನ್ಸೆಸ್ ಆ್ಯಂಡ್ ದಿ ಫ್ರಾಗ್’ ನಿರೀಕ್ಷೆಯಷ್ಟು ಗಳಿಸಲಿಲ್ಲ. 2010ರ ‘ಟ್ಯಾಂಗಲ್ಡ್’ ಬರುವವರೆಗೆ ದೊಡ್ಡ ಗೆಲುವಿಲ್ಲ. ‘ಫ್ರೋಜನ್’ ಕೂಡ ನೇರ ದಾರಿಯಲ್ಲಿ ಬಂದದ್ದಲ್ಲ. ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್‌ನ ಹಿಮರಾಣಿಯ ಕಥೆಯಿಂದ ಹೊರಟ ಅದರಲ್ಲಿ ಎಲ್ಸಾ ಮೊದಲು ಖಳನಾಯಕಿ. ಗೀತರಚನೆಗೆ ಕೂತ ರಾಬರ್ಟ್ ಲೋಪೆಜ್, ಕ್ರಿಸ್ಟನ್ ಆ್ಯಂಡರ್ಸನ್ ಲೋಪೆಜ್ ದಂಪತಿ ಅವಳ ಬಾಯಿಗೆ ಒಂದು ಹಾಡು ಬರೆದರು. ಆ ಹಾಡು ಕೇಳಿದ ಮೇಲೆ ಅವಳನ್ನು ಖಳನಾಯಕಿಯಾಗಿ ಉಳಿಸುವುದಕ್ಕೆ ಆಗಲಿಲ್ಲ, ಕಥೆಯನ್ನೇ ತಿರುಗಿಸಿ ಬರೆದರು. ಬೇರೊಂದು ಚಿತ್ರಕ್ಕೆ ಚಿತ್ರಕಥೆ ಬರೆಯಲು ಬಂದಿದ್ದ ಜೆನಿಫರ್ ಲೀ ಇದರ ನಿರ್ದೇಶಕರಲ್ಲಿ ಒಬ್ಬರಾದರು, ಆ ಸ್ಟುಡಿಯೊದ ಕಥಾಚಿತ್ರ ನಿರ್ದೇಶಿಸಿದ ಮೊದಲ ಮಹಿಳೆ. ಅಕ್ಕತಂಗಿಯರ ಕಥೆ ನಿಜ ಎನಿಸಬೇಕೆಂದು ಸ್ಟುಡಿಯೊದ ಎಲ್ಲ ವಿಭಾಗಗಳಲ್ಲಿ ಕೆಲಸ ಮಾಡುವ, ಅಕ್ಕತಂಗಿಯರಿರುವ ಹೆಂಗಸರನ್ನು ಒಂದು ಕೋಣೆಯಲ್ಲಿ ಸೇರಿಸಿ ಅವರ ಜಗಳ, ಪ್ರೀತಿಗಳನ್ನು ಕೇಳಿಸಿಕೊಂಡರು. 2006ರ ಆ ಬೋಳು ಮೇಜುಗಳಿಂದ ಇಲ್ಲಿಗೆ ಬರಲು ಏಳು ವರ್ಷ ಬೇಕಾಯಿತು.

ನಮ್ಮ ವಿಶೇಷಾಂಕದ ಮುಂದಿನ ವರ್ಷದ ಮೀಟಿಂಗಿನಲ್ಲಿ ನನ್ನದೂ ಒಂದು ಚೀಟಿ ಇತ್ತು. ಹೆಸರಿಲ್ಲದೆ ಓದುತ್ತಾ ಬಂದಾಗ ಅದರ ಸರದಿ ಬಂತು. ಅಡುಗೆ ಪುಸ್ತಕದ ಐಡಿಯಾ ಕೊಟ್ಟ ಅದೇ ವಿನ್ಯಾಸದವರು ಚೀಟಿಯ ಕೈಬರಹ ಒಮ್ಮೆ ನೋಡಿ, ನನ್ನ ಮುಖ ಒಮ್ಮೆ ನೋಡಿ, ‘ಇದನ್ನ ನಾಲ್ಕು ವರ್ಷದ ಹಿಂದೆ ಮಾಡಿದ್ದೇವೆ ಸರ್, ಆಗಲೂ ಯಾರೂ ಓದಲಿಲ್ಲ’ ಎಂದರು. ನಾನು ನೋಟ್‌ಬುಕ್ ತೆಗೆದು ಕೈಬಿಟ್ಟವುಗಳ ಪಟ್ಟಿಯಲ್ಲಿ ಅದನ್ನು ಬರೆದೆ, ಕಾರಣದ ಜಾಗದಲ್ಲಿ ಅವರ ಮಾತನ್ನೇ ಬರೆದೆ. ಆಮೇಲೆ ಮುಂದಿನ ಚೀಟಿ ಬಿಡಿಸಿದೆವು.